ಸತ್ಯಾಂಶ: ಅಮೆರಿಕದ ದೇವರ ಧ್ಯೇಯವಾಕ್ಯ 1776ರದ್ದಲ್ಲ

‘ದೇವರಲ್ಲಿ ನಮ್ಮ ನಂಬಿಕೆ’ ಎನ್ನುವುದು ಅಮೆರಿಕ ಹುಟ್ಟಿದಾಗಿನಿಂದಲೂ ಅದರ ಧ್ಯೇಯವಾಕ್ಯ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದು ತಪ್ಪು.

1782ರ ರಾಷ್ಟ್ರಮುದ್ರೆಯಲ್ಲಿದ್ದದ್ದು ‘ಹಲವರಿಂದ ಒಂದು’ ಎಂಬರ್ಥದ ಲ್ಯಾಟಿನ್ ಮಾತು. ದೇವರ ಸಾಲು ನಾಣ್ಯಕ್ಕೆ ಬಂದದ್ದು 1864ರಲ್ಲಿ, ಅಂತರ್ಯುದ್ಧದ ನಡುವೆ. ಅದು ಅಧಿಕೃತ ಧ್ಯೇಯವಾಕ್ಯವಾದದ್ದು 1956ರಲ್ಲಿ, ಅಧ್ಯಕ್ಷ ಐಸೆನ್‌ಹೋವರ್ ಸಹಿಯೊಂದಿಗೆ.

ಆಗಲೇ ಯಾಕೆ? ಸೋವಿಯತ್ ಒಕ್ಕೂಟದ ಜೊತೆ ಶೀತಲ ಸಮರ ಜೋರಾಗಿತ್ತು. ಅಲ್ಲಿನ ಕಮ್ಯುನಿಸ್ಟ್ ಸರ್ಕಾರ ನಾಸ್ತಿಕ, ನಾವು ಹಾಗಲ್ಲ ಎಂದು ಅಮೆರಿಕದ ನಾಯಕರು ತೋರಿಸಿಕೊಳ್ಳಬೇಕಿತ್ತು. ಶಾಲಾ ಮಕ್ಕಳು ಹೇಳುವ ಧ್ವಜ ಪ್ರತಿಜ್ಞೆಯನ್ನೂ ಬಿಡಲಿಲ್ಲ. 1954ರಲ್ಲಿ ಅದಕ್ಕೆ ‘ದೇವರ ಅಧೀನದಲ್ಲಿ’ ಎಂದು ಸೇರಿಸಿದರು. ಮಕ್ಕಳ ಬಾಯಲ್ಲೂ ರಾಜಕೀಯ ಹೇಳಿಸಿದಂತೆ ಆಯಿತು, ಅಲ್ವಾ? ಜನರ ಭಕ್ತಿ ನಿಜವೇ ಇತ್ತು. ಸರ್ಕಾರ ಅದನ್ನು ಬಳಸಿಕೊಂಡಿತು. ಕಾಗದದ ನೋಟಿನ ಮೇಲೆ ‘ದೇವರಲ್ಲಿ ನಮ್ಮ ನಂಬಿಕೆ’ ಎಂಬ ಸಾಲು ಕಾಣಿಸಿಕೊಂಡದ್ದು 1957ರಲ್ಲಿ.