ಎರಡಕ್ಷರದ ಜಿಪುಣ

‘ಕನಿಷ್ಠ ಮೂರು ಅಕ್ಷರ ಟೈಪ್ ಮಾಡಿ’ ಅಂತ ಬೆಳಿಗ್ಗೆಯಿಂದ ಬ್ರೌಸರ್ ನನಗೆ ಬುದ್ಧಿ ಹೇಳುತ್ತಿದೆ. ನಾನು ಹುಡುಕುತ್ತಿರುವ ವೇರಿಯಬಲ್‌ಗೆ, ಅಂದರೆ ಕೋಡಿನಲ್ಲಿ ಒಂದು ಮೌಲ್ಯಕ್ಕೆ ಇಟ್ಟ ಹೆಸರಿಗೆ, ಇರುವುದೇ ಎರಡಕ್ಷರ. ಮೂರನೆಯದನ್ನು ಎಲ್ಲಿಂದ ತರಲಿ?

ನಮ್ಮ ಆಫೀಸಿನಲ್ಲಿ ಕೋಡ್ ಹುಡುಕೋಕೆ ಒಂದು ಪೇಜ್ ಇದೆ. ಕೋಡನ್ನೆಲ್ಲ ಮೂರು ಮೂರು ಅಕ್ಷರದ ತುಂಡು ಮಾಡಿ, ಯಾವ ತುಂಡು ಯಾವ ಫೈಲಿನಲ್ಲಿದೆ ಅಂತ ಅದು ಮೊದಲೇ ಬರೆದಿಟ್ಟುಕೊಂಡಿರುತ್ತದೆ. ಗೂಗಲ್ 2006ರಲ್ಲಿ ಶುರು ಮಾಡಿ 2012ರಲ್ಲಿ ಬಾಗಿಲು ಹಾಕಿದ ಕೋಡ್ ಸರ್ಚ್ ಹಿಡಿದಿದ್ದೂ ಇದೇ ದಾರಿ. ಜಾಣ ಉಪಾಯವೇ, ಅನುಮಾನವಿಲ್ಲ. ಆದರೆ ಎರಡಕ್ಷರ ಕೊಟ್ಟರೆ ತುಂಡೇ ಆಗಲ್ಲವಲ್ಲ!

ಇದಕ್ಕೆಲ್ಲ ಕಾರಣ ನನ್ನ ಪಕ್ಕದ ಸೀಟಿನ ಪುಣ್ಯಾತ್ಮ. ಹೆಸರಿಡುವುದರಲ್ಲಿ ಮಹಾ ಜಿಪುಣ. ಗ್ರಾಹಕರ ಬಾಕಿ ಹಣಕ್ಕೆ ‘ಬಿಬಿ’, ಬಡ್ಡಿಗೆ ‘ಬಿ2’. ಇನ್ನೊಂದಕ್ಕೆ ‘ಎಕ್ಸ್‌ಎಕ್ಸ್’ ಅಂತಿದೆ. ಅದು ಏನು ಅಂತ ಅವನಿಗೂ ಈಗ ನೆನಪಿಲ್ಲ. ಕೇಳಿದರೆ, “ಗುರೂ, ಹೆಸರು ಉದ್ದ ಆದ್ರೆ ಕಣ್ಣು ನೋಯುತ್ತೆ” ಅಂತಾನೆ. ಇದೇ ಮನುಷ್ಯ ಒಂದು ದಿನ ರಜೆ ಬೇಕಾದರೆ ಮ್ಯಾನೇಜರ್‌ಗೆ ಎರಡು ಪುಟ ಮೇಲ್ ಬರೀತಾನೆ. ಅದರಲ್ಲಿ ಅತ್ತೆ ಮನೆ ಗೃಹಪ್ರವೇಶದ ಮುಹೂರ್ತವೂ ಇರುತ್ತೆ, ಬಸ್ಸಿನ ಟೈಮೂ ಇರುತ್ತೆ. ದರ್ಶಿನಿಯಲ್ಲಿ ಮಾತ್ರ ಮತ್ತೆ ಕೋಡ್ ಬರೆಯುವವನೇ. ಬೈಟು ಕಾಫಿ ಬಿಟ್ಟು ಬೇರೆ ಆರ್ಡರ್ ಮಾಡಿದ್ದು ನಾನು ಕಂಡಿಲ್ಲ.

ಸಿಟ್ಟಿನಲ್ಲಿ ಸುಮ್ನೆ ‘ಇಲ್ಲಿ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದೆ. ನಮ್ಮ ‘ಇಲ್ಲಿ’ (illi) ಇಂಗ್ಲಿಷಿನ ಮಿಲಿಸೆಕೆಂಡ್ (millisecond) ಹೊಟ್ಟೆಯಲ್ಲೂ ಇದೆ ನೋಡಿ, ರಾಶಿ ರಾಶಿ ಬಂತು. ಅದರ ನಡುವೆ ಒಂದು ಹಳೇ ಕಾಮೆಂಟ್: ‘ಇಲ್ಲಿ ಕೈ ಹಾಕಬೇಡಿ, ನಾನು ಹಾಕಿ ಎರಡು ರಾತ್ರಿ ನಿದ್ದೆ ಮಾಡಿಲ್ಲ.’ ಬರೆದವರು ನಾನು ಸೇರುವ ಮುಂಚೆಯೇ ಕೆಲಸ ಬಿಟ್ಟು ಹೋದವರು. ಈಗ ಎಲ್ಲಿದ್ದಾರೋ, ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರೋ ಏನೋ. ಸಿಕ್ಕರೆ ಕಾಫಿ ಕೊಡಿಸಬೇಕು. ಬೈಟು ಅಲ್ಲ, ಫುಲ್.

ಮಧ್ಯಾಹ್ನ ಊಟಕ್ಕೆ ಕೂತಾಗ ಪುಣ್ಯಾತ್ಮನಿಗೆ ಮೂರಕ್ಷರದ ನಿಯಮ ಬಿಡಿಸಿ ಹೇಳಿದೆ. ಶ್ರದ್ಧೆಯಿಂದ ಕೇಳಿದ. ಸಂಜೆಯೊಳಗೆ ಅಷ್ಟೂ ಹೆಸರು ಬದಲಾಯಿಸಿದ.

‘ಟಿಎಂಪಿ’ (tmp). ‘ತಾತ್ಕಾಲಿಕ’ ಅನ್ನೋದರ ಇಂಗ್ಲಿಷ್ ಗಿಡ್ಡ ರೂಪ, ಹೆಸರು ಹೊಳೆಯದಾಗ ಕೋಡ್ ಬರೆಯುವವರೆಲ್ಲ ಇಡುವ ಹೆಸರು. ಆಮೇಲೆ ‘ಟಿಎಂಪಿ1’, ‘ಟಿಎಂಪಿ2’.

ಹುಡುಕಿದೆ. ಇಡೀ ಕಂಪನಿಯ ಕೋಡೇ ಬಂತು.