ಅರ್ಧ ನೋವಿನ ಲೆಕ್ಕ

ಕಳೆದ ಭಾನುವಾರ ನಮ್ಮ ಬೀದಿಯ ಕೊನೆಯ ಮನೆಯ ಹುಡುಗಿ (ಹುಡುಗಿ ಎಂದರೂ ಆಕೆಗೆ ನಲವತ್ತು ದಾಟಿದೆ) ಎಂಆರ್‌ಐ ಫಿಲ್ಮುಗಳ ದೊಡ್ಡ ಲಕೋಟೆ ಹಿಡಿದುಕೊಂಡು ಮನೆಗೆ ಬಂದಳು. ಬೆನ್ನುನೋವಿನವರು ಮಾತ್ರ ಕೂರುವ ರೀತಿಯಲ್ಲಿ, ಕುರ್ಚಿಯ ಅಂಚಿಗೆ ಒಂದು ಪಕ್ಕಕ್ಕೆ ವಾಲಿ ಕುಳಿತು, "ಅಕ್ಕಾ, ನಾನೂ ಹಾಕಿಸಿಕೊಳ್ಳಲಾ?" ಎಂದು ಕೇಳಿದಳು. ಹಾಕಿಸಿಕೋ ಎನ್ನಲು ಬಾಯಿ ಬರಲಿಲ್ಲ, ಬೇಡ ಎನ್ನಲೂ ಮನಸ್ಸಾಗಲಿಲ್ಲ. ಕಾಫಿ ಕೊಟ್ಟು, ಒಂದು ವಾರ ಬಿಟ್ಟು ಹೇಳುತ್ತೇನೆ ಎಂದು ಕಳಿಸಿದೆ. ಅವಳಿಗೆ ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಎರಡೂವರೆ ವರ್ಷದ ಹಿಂದೆ ನಾನು ಇದೇ ಪ್ರಶ್ನೆ ಹಿಡಿದುಕೊಂಡು ಅಲೆಯುತ್ತಿದ್ದಾಗ ಕನ್ನಡದಲ್ಲಿ ಇದರ ಬಗ್ಗೆ ನನ್ನ ಕೈಗೆ ಏನೂ ಸಿಕ್ಕಿರಲಿಲ್ಲ.

ವಿಷಯ ಗೊತ್ತಿಲ್ಲದವರಿಗಾಗಿ ಹೇಳುವುದಾದರೆ, ನನ್ನ ಬೆನ್ನಿನೊಳಗೆ ಸ್ಪೈನಲ್ ಕಾರ್ಡ್ ಸ್ಟಿಮ್ಯುಲೇಟರ್ ಎಂಬ ಸಾಧನವಿದೆ. ಬೆನ್ನುಹುರಿಯ ಹೊರಪೊರೆಗೂ ಮೂಳೆಗೂ ನಡುವಿನ ಕಿರಿದಾದ ಜಾಗದಲ್ಲಿ ಎರಡು ತೆಳ್ಳನೆಯ ತಂತಿಗಳನ್ನು ಇಳಿಸಿದ್ದಾರೆ. ಒಂದೊಂದರ ತುದಿಯಲ್ಲೂ ಎಂಟೆಂಟು ಎಲೆಕ್ಟ್ರೋಡುಗಳಿವೆ. ಆ ತಂತಿಗಳು ಚರ್ಮದ ಅಡಿಯಲ್ಲಿಯೇ ಹಾದು ಬಂದು, ಸೊಂಟದ ಬಲಭಾಗದಲ್ಲಿ ಹೂತಿಟ್ಟಿರುವ ಬೆಂಕಿಪೊಟ್ಟಣದ ಗಾತ್ರದ ಬ್ಯಾಟರಿಗೆ ಸೇರುತ್ತವೆ. ಬಿದ್ದು ಮಂಡಿ ತರಚಿಕೊಂಡ ಮಗುವಿನ ಕಾಲನ್ನು ಅಮ್ಮ ಉಜ್ಜಿದರೆ ನೋವು ಕಡಿಮೆಯಾಗುತ್ತದಲ್ಲ, ಅದರ ಹಿಂದಿನ ಕಾರಣವನ್ನೇ ಈ ಸಾಧನ ಆಧರಿಸಿದೆ. ಸ್ಪರ್ಶದ ಸಂದೇಶ ಒಳಗೆ ಬಂದಾಗ ಬೆನ್ನುಹುರಿಯಲ್ಲಿರುವ ಒಂದು ಬಗೆಯ ಬಾಗಿಲು ನೋವಿನ ಸಂದೇಶಕ್ಕೆ ಅರೆಬರೆ ಮುಚ್ಚಿಕೊಳ್ಳುತ್ತದೆ ಎಂಬ ವಿವರಣೆಯನ್ನು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಮುಂದಿಟ್ಟರು. ಎರಡೇ ವರ್ಷದಲ್ಲಿ, ಅಂದರೆ 1967ರಲ್ಲಿ, ನಾರ್ಮನ್ ಶೀಲಿ ಎಂಬ ಅಮೆರಿಕದ ಶಸ್ತ್ರವೈದ್ಯರು ಕ್ಯಾನ್ಸರ್ ನೋವಿನಿಂದ ನರಳುತ್ತಿದ್ದ ರೋಗಿಯೊಬ್ಬರ ಬೆನ್ನುಹುರಿಯ ಬಳಿ ಎಲೆಕ್ಟ್ರೋಡ್ ಇರಿಸಿ ಅದನ್ನು ಪ್ರಯೋಗಿಸಿದರು. ಆ ಬಾಗಿಲಿನ ಸಿದ್ಧಾಂತವನ್ನು ಆಮೇಲೆ ಬಹಳಷ್ಟು ತಿದ್ದಿದ್ದಾರೆ, ಯಂತ್ರವೂ ಬಹಳ ಬದಲಾಗಿದೆ. ಆದರೆ ನನ್ನ ಸೊಂಟದಲ್ಲಿರುವುದು ಆ ಅಮ್ಮನ ಅಂಗೈಯ ವಂಶಕ್ಕೇ ಸೇರಿದ್ದು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ.

ನನ್ನ ಕಥೆ ಹೊಸದೇನಲ್ಲ. ಡಿಸ್ಕ್ ಜಾರಿತು, ಶಸ್ತ್ರಚಿಕಿತ್ಸೆಯಾಯಿತು, ನಾಲ್ಕು ವರ್ಷ ಕಳೆದು ಇನ್ನೊಂದಾಯಿತು. ಎರಡನೆಯದರ ನಂತರ ಸ್ಕ್ಯಾನಿನಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತಿದ್ದರೂ ಬಲಗಾಲಿನಲ್ಲಿ ಪೃಷ್ಠದಿಂದ ಹೆಬ್ಬೆರಳಿನವರೆಗೆ ಕಾದ ಕಂಬಿ ಎಳೆದಂಥ ಉರಿ ಉಳಿದುಕೊಂಡಿತು. ನರದ ನೋವಿಗೆ ಕೊಡುವ ಪ್ರಿಗಾಬಲಿನ್ ಮಾತ್ರೆಯ ಪ್ರಮಾಣ ಏರಿಸುತ್ತಾ ಹೋದಂತೆ ಉರಿ ಸ್ವಲ್ಪ ತಗ್ಗಿತು. ಜೊತೆಗೆ ನನ್ನ ತಲೆಯೂ ಮಂಕಾಯಿತು. ಇಪ್ಪತ್ತೆರಡು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು ಒಂದು ಸಂಜೆ ಲೆಕ್ಕ ತಾಳೆಯಾಗದೆ ಏಳೂವರೆಯವರೆಗೆ ಕುಳಿತೆ. ಆ ರಾತ್ರಿಯೇ ಈ ಯಂತ್ರದ ಬಗ್ಗೆ ಓದಲು ಶುರುಮಾಡಿದೆ.

ಇದರಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಬೆನ್ನಿನ ಬೇರೆ ಬಹುಪಾಲು ಶಸ್ತ್ರಚಿಕಿತ್ಸೆಗಳನ್ನು ಮೊದಲು ಪ್ರಯೋಗಿಸಿ ನೋಡಿ ಆಮೇಲೆ ಮಾಡಿಸಿಕೊಳ್ಳುವ ಅವಕಾಶವಿಲ್ಲ, ಇದಕ್ಕೆ ಇದೆ. ತಂತಿಗಳನ್ನು ಮಾತ್ರ ಒಳಗಿಟ್ಟು, ಬ್ಯಾಟರಿಯನ್ನು ಹೊರಗೆ ಸೊಂಟಕ್ಕೆ ಕಟ್ಟಿ, ಸುಮಾರು ಒಂದು ವಾರ ಮನೆಗೆ ಕಳಿಸುತ್ತಾರೆ. ನೋವು ಅರ್ಧದಷ್ಟಾದರೂ ಕಡಿಮೆಯಾದರೆ ಪ್ರಯೋಗ ಗೆದ್ದಂತೆ, ಆಗ ಶಾಶ್ವತವಾಗಿ ಕೂರಿಸುತ್ತಾರೆ. ಈ ಶೇಕಡಾ 50 ಎಂಬುದು ಜಗತ್ತಿನಾದ್ಯಂತ ವೈದ್ಯರು ಬಳಸುವ ಅಳತೆ. ನನಗೂ ಒಂದು ಹಾಳೆ ಕೊಟ್ಟಿದ್ದರು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಹತ್ತಕ್ಕೆ ಎಷ್ಟು ನೋವು ಎಂದು ಬರೆಯಬೇಕಿತ್ತು. ಮೊದಲು ಎಂಟು ಇದ್ದದ್ದು ವಾರದ ಕೊನೆಗೆ ನಾಲ್ಕಕ್ಕೆ ಬಂದಿತ್ತು. ಎಲ್ಲರಿಗೂ ಸಂತೋಷವಾಯಿತು. ಆ ವಾರವೆಲ್ಲ ನಾನು ಸ್ನಾನವಿಲ್ಲದೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು, ತಂತಿ ಎಲ್ಲಿ ಜಾರೀತೋ ಎಂಬ ಭಯದಲ್ಲಿ, ಹಾಲ್‌ನ ದಿವಾನದ ಮೇಲೆ ಮಹಾರಾಣಿಯಂತೆ ಒರಗಿಕೊಂಡಿದ್ದೆ ಎಂಬುದನ್ನು ಆ ಹಾಳೆಯಲ್ಲಿ ಬರೆಯಲು ಜಾಗವಿರಲಿಲ್ಲ.

ಎಂಟರ ಅರ್ಧ ನಾಲ್ಕು, ಅದು ಸರಿ. ಆದರೆ ಯಾವ ಅರ್ಧ ಹೋಯಿತು, ಯಾವ ಅರ್ಧ ಉಳಿಯಿತು? ಶಾಶ್ವತವಾಗಿ ಕೂರಿಸಿ ಕೆಲಸಕ್ಕೆ ಮರಳಿದ ಮೇಲೆ ನನಗೆ ಅರ್ಥವಾದದ್ದೇನೆಂದರೆ, ಕಾಲಿನ ಉರಿ ಬಹುಪಾಲು ಹೋಗಿತ್ತು, ಸೊಂಟದ ನಡುವಿನ ಮೊಂಡು ನೋವು ಹೆಚ್ಚುಕಡಿಮೆ ಹಾಗೆಯೇ ಇತ್ತು. ಈ ಸಾಧನ ನರದಿಂದ ಹುಟ್ಟಿ ಕಾಲಿಗೆ ಇಳಿಯುವ ನೋವಿಗೆ ಒದಗುವಷ್ಟು ಸುಲಭವಾಗಿ ಸೊಂಟದ ನೋವಿಗೆ ಒದಗುವುದಿಲ್ಲ ಎಂಬುದು ವೈದ್ಯರಿಗೆ ಹಳೆಯ ವಿಷಯ, ನನಗೆ ಮಾತ್ರ ಹೊಸದಾಗಿತ್ತು. ದಿವಾನದ ಮೇಲೆ ಒರಗಿದವಳಿಗೆ ಸೊಂಟದ ನೋವು ಹೇಗೂ ಕಡಿಮೆಯೇ. ಕೌಂಟರಿನ ಹಿಂದೆ ಮೂರು ಗಂಟೆ ಕುಳಿತವಳಿಗೆ ಆ ನಾಲ್ಕು ಎಂಬ ಅಂಕೆ ಮಧ್ಯಾಹ್ನದೊಳಗೆ ಆರಾಗುತ್ತದೆ.

ಹೊಂದಿಕೊಳ್ಳುವುದು ಎಂಬ ಮಾತಿಗೆ ಬರುತ್ತೇನೆ. ಮೊದಲ ಆರರಿಂದ ಎಂಟು ವಾರ ಬಗ್ಗಬಾರದು, ಭಾರ ಎತ್ತಬಾರದು, ಸೊಂಟ ತಿರುಚಬಾರದು ಎಂದಿರುತ್ತಾರೆ. ತಂತಿಯ ಸುತ್ತ ಅಂಗಾಂಶ ಬೆಳೆದು ಅದನ್ನು ಹಿಡಿದುಕೊಳ್ಳುವವರೆಗೆ ಅದು ಜಾರುವ ಅಪಾಯವಿದೆ. ಭಾರ ಎಂದರೆ ನಾನು 20 ಲೀಟರಿನ ನೀರಿನ ಕ್ಯಾನ್ ಎಂದುಕೊಂಡಿದ್ದೆ. ತುಂಬಿದ ಕುಕ್ಕರ್ ಕೂಡ ಭಾರವೇ ಎಂದು ಆಮೇಲೆ ತಿಳಿಯಿತು. ಇನ್ನು ಬಗ್ಗುವುದು. ನಮ್ಮ ಮನೆಗಳಲ್ಲಿ ಬಗ್ಗದೆ ಆಗುವ ಕೆಲಸ ಯಾವುದು ಹೇಳಿ? ಮೂರನೆಯ ತಿಂಗಳಲ್ಲಿ, ಇನ್ನೇನು ಎಲ್ಲ ಕೂಡಿಕೊಂಡಿರುತ್ತದೆ ಎಂಬ ಧೈರ್ಯದಲ್ಲಿ, ಗೌರಿಹಬ್ಬದ ಬೆಳಿಗ್ಗೆ ಬಾಗಿಲಿಗೆ ಒಂದು ಪುಟ್ಟ ರಂಗೋಲಿ ಎಳೆದೆ, ಏಳುವಾಗ ಸೊಂಟ ತಿರುಗಿಸಿಬಿಟ್ಟೆ. ಯಂತ್ರದ ವಿದ್ಯುತ್ ಮಿಡಿತದಿಂದ ಕಾಲಿನಲ್ಲಿ ಹರಿಯುತ್ತಿದ್ದ ಜುಮುಜುಮು ಅಂದಿನಿಂದ ಪಕ್ಕೆಲುಬಿನ ಹತ್ತಿರ ಹರಿಯತೊಡಗಿತು. ತಂತಿ ಸ್ವಲ್ಪವೇ ಸರಿದಿತ್ತು. ಹದಿನಾರು ಎಲೆಕ್ಟ್ರೋಡುಗಳಲ್ಲಿ ಬೇರೆ ಜೋಡಿಯನ್ನು ಆರಿಸಿ ಮತ್ತೆ ಕಾಲಿಗೆ ತಿರುಗಿಸಲು ಸಾಧ್ಯವಾದದ್ದು ನನ್ನ ಅದೃಷ್ಟ. ಹೆಚ್ಚು ಸರಿದಿದ್ದರೆ ಇನ್ನೊಮ್ಮೆ ಆಪರೇಷನ್ ಥಿಯೇಟರಿಗೆ ಹೋಗಬೇಕಿತ್ತು.

ಬ್ಯಾಟರಿ ಎಲ್ಲಿ ಕೂರಬೇಕು ಎಂಬುದನ್ನು ಮೊದಲೇ ನಿಂತು, ಕುಳಿತು, ನಿಮ್ಮ ದಿನನಿತ್ಯದ ಬಟ್ಟೆಯಲ್ಲಿ ಗುರುತು ಹಾಕಿಸಿಕೊಳ್ಳಬೇಕು. ಪ್ಯಾಂಟಿನ ಬೆಲ್ಟ್ ಬರುವ ಜಾಗವನ್ನು ತಪ್ಪಿಸಿ ಹಾಕುತ್ತೇವೆ ಎಂದು ನನಗೆ ಹೇಳಿದ್ದರು, ತಪ್ಪಿಸಿದ್ದರು ಕೂಡ. ಆದರೆ ನಾನು ದಿನವೂ ಉಡುವುದು ಸೀರೆ. ಲಂಗದ ಲಾಡಿ ಸರಿಯಾಗಿ ಅದರ ಮೇಲಂಚಿಗೇ ಬಿಗಿಯುತ್ತದೆ. ಮೊದಲ ವರ್ಷ ಅಲ್ಲಿ ಚರ್ಮ ಕೆಂಪಾಗಿ ಉರಿಯುತ್ತಿತ್ತು. ಕೊನೆಗೆ ಲಾಡಿ ತೆಗೆಸಿ ಅಗಲವಾದ ಇಲಾಸ್ಟಿಕ್ ಹೊಲಿಸಿಕೊಂಡೆ. ಇಷ್ಟು ಲಕ್ಷ ರೂಪಾಯಿಯ ತಂತ್ರಜ್ಞಾನಕ್ಕೆ ಕೊನೆಯ ತಿದ್ದುಪಡಿ ಮಾಡಿದವರು ಬನಶಂಕರಿಯ ಟೈಲರ್.

ಮಲಗಿದಾಗ ಬೆನ್ನುಹುರಿ ಎಲೆಕ್ಟ್ರೋಡುಗಳ ಕಡೆಗೆ ತುಸು ಹತ್ತಿರವಾಗುತ್ತದೆ, ಆದ್ದರಿಂದ ನಿಂತಾಗ ಹಿತವಾಗಿದ್ದ ಪ್ರಮಾಣವೇ ಅಂಗಾತ ಮಲಗಿದೊಡನೆ ಜೋರಾಗಿ ಹೊಡೆಯುತ್ತದೆ. ಮಲಗುವ ಮೊದಲು ರಿಮೋಟ್ ಹುಡುಕಿ ಕಡಿಮೆ ಮಾಡಿಕೊಳ್ಳುವುದು ಈಗ ದೀಪ ಆರಿಸಿದಷ್ಟೇ ಸಹಜವಾಗಿದೆ. ಕೆಮ್ಮು, ಸೀನು, ಜೋರು ನಗು ಬಂದರೂ ಒಮ್ಮೆ ಹೀಗೆಯೇ ಜುಮ್ ಎನ್ನುತ್ತದೆ. ಆಟೋದಲ್ಲಿ ಹೋಗುವಾಗ ಬೆಂಗಳೂರಿನ ಪ್ರತಿಯೊಂದು ಹಂಪೂ ಪ್ರತಿಯೊಂದು ಗುಂಡಿಯೂ ನೇರವಾಗಿ ನನ್ನ ಬೆನ್ನುಹುರಿಗೆ ಬಂದು ಹಾಜರಿ ಹಾಕುತ್ತದೆ. ನಮ್ಮ ಮನೆಯಿಂದ ಮೆಟ್ರೋ ನಿಲ್ದಾಣದವರೆಗೆ ಅವು ಹನ್ನೊಂದು ಎಂದು ಯಾವ ಎಂಜಿನಿಯರಿಗಿಂತ ನಿಖರವಾಗಿ ಹೇಳಬಲ್ಲೆ. ಜುಮುಗುಡುವ ಬಗೆಯ ಪ್ರೋಗ್ರಾಂ ಚಾಲೂ ಇರುವಾಗ ವಾಹನ ಓಡಿಸಬಾರದು, ಕಾಲಿಗೆ ಇದ್ದಕ್ಕಿದ್ದಂತೆ ಝುಮ್ ಎಂದರೆ ಹಿಡಿತ ತಪ್ಪೀತು ಎಂದು ಎಚ್ಚರಿಸಿದ್ದರು. ಆಫ್ ಮಾಡಿ ಓಡಿಸಿದರೆ ಉರಿ. ಹದಿನಾಲ್ಕು ವರ್ಷ ಓಡಿಸಿದ ಸ್ಕೂಟರನ್ನು ತಂಗಿಯ ಮಗನಿಗೆ ಕೊಟ್ಟುಬಿಟ್ಟೆ. ಆಪರೇಷನ್ನಿನ ದಿನ ಅಳದವಳು ಅವತ್ತು ಅತ್ತೆ.

ಮೆಟ್ರೋದ ಲೋಹಶೋಧಕದ ಚೌಕಟ್ಟಿನೊಳಗೆ ಹೋಗಬಾರದೆಂದಲ್ಲ, ಆದರೆ ಅದು ಕೂಗುತ್ತದೆ, ಕೆಲವೊಮ್ಮೆ ಯಂತ್ರದ ಮಿಡಿತವೂ ಏರುಪೇರಾಗುತ್ತದೆ. ಆದ್ದರಿಂದ ಗುರುತಿನ ಚೀಟಿ ತೋರಿಸಿ ಪಕ್ಕದಿಂದ ಹೋಗುತ್ತೇನೆ. ಬನಶಂಕರಿ ನಿಲ್ದಾಣದ ಮಹಿಳಾ ಸಿಬ್ಬಂದಿಯೊಬ್ಬರು ಮೊದಲ ದಿನ "ಹಾರ್ಟಿಂದಾ ಮೇಡಂ?" ಎಂದು ಮೆಲ್ಲಗೆ ಕೇಳಿದರು. ಬೆನ್ನಿಂದು ಎಂದಾಗ ತಮ್ಮ ಬೆನ್ನಿನ ಕಥೆ ಹೇಳಿದರು. ದಿನಕ್ಕೆ ಎಂಟು ಗಂಟೆ ನಿಲ್ಲುವವರು ಅವರು. ಒಳಗೆ ಸೀಟಿನ ಸಮಸ್ಯೆ ಬೇರೆ. ಮಲ್ಲೇಶ್ವರದ ನಮ್ಮ ಶಾಖೆಗೆ ಹೋಗಲು ಸಂಪಿಗೆ ರಸ್ತೆಯವರೆಗೆ ನಿಲ್ಲಬೇಕಾಗಿ ಬಂದರೆ ಅಂದಿನ ಅರ್ಧ ಶಕ್ತಿ ಅಲ್ಲಿಯೇ ಮುಗಿಯುತ್ತದೆ. ಮೀಸಲು ಸೀಟು ಕೇಳಿದರೆ ನೆಟ್ಟಗೆ ನಿಂತ ಹೆಂಗಸನ್ನು ಜನ ಮೇಲಿಂದ ಕೆಳಗೆ ನೋಡುತ್ತಾರೆ. ಅಂಗವೈಕಲ್ಯವುಳ್ಳವರ ಹಕ್ಕುಗಳ 2016ರ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ದೀರ್ಘಕಾಲದ ನೋವು ಎಂಬ ಹೆಸರಿನದು ಅದರಲ್ಲಿಲ್ಲ. ಕಾಣದ ನೋವಿಗೆ ಕಾಗದವೂ ಇಲ್ಲ.

ಮನೆಯಲ್ಲಿ ಆದದ್ದು ನಾನು ನಿರೀಕ್ಷಿಸಿರದ ಬದಲಾವಣೆ. ಯಂತ್ರ ಬರುವ ಮೊದಲು ನನ್ನ ನೋವನ್ನು ಎಲ್ಲರೂ ನಂಬುತ್ತಿದ್ದರು, ಕೊನೆಪಕ್ಷ ನಂಬಿದಂತೆ ಇರುತ್ತಿದ್ದರು. ಯಂತ್ರ ಬಂದ ಮೇಲೆ ಅದು ಮುಗಿದ ಅಧ್ಯಾಯವಾಯಿತು. "ಅಷ್ಟೊಂದು ದುಡ್ಡು ಸುರಿದಾಯ್ತಲ್ಲಮ್ಮಾ, ಇನ್ನೂ ನೋವು ಅಂದ್ರೆ ಹೇಗೆ?" ಎಂದು ನಮ್ಮತ್ತೆ ಕೇಳಿದ್ದರಲ್ಲಿ ಕೊಂಕಿರಲಿಲ್ಲ, ನಿಜವಾದ ಗಾಬರಿಯಿತ್ತು. ನಮ್ಮವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಾನು ನರಳಿದಾಗಲೆಲ್ಲ "ರಿಮೋಟ್ ಎಲ್ಲಿ?" ಎನ್ನುತ್ತಿದ್ದರು, ಟಿವಿಯ ಸದ್ದು ಹೆಚ್ಚಾದಾಗ ಕೇಳುವ ಧ್ವನಿಯಲ್ಲಿಯೇ. ವಾಸಿಯಾಯಿತೇ ಎಂಬ ಪ್ರಶ್ನೆಗೆ ಈ ಸಾಧನ ಉತ್ತರ ಕೊಡುವುದಿಲ್ಲ ಎಂಬುದನ್ನು ಆಸ್ಪತ್ರೆಯಲ್ಲಿ ನನಗೆ ಹೇಳಿದ್ದರೂ ಮನೆಯವರನ್ನು ಕೂರಿಸಿಕೊಂಡು ಹೇಳಲಿಲ್ಲ. ಹೇಳಬೇಕಿತ್ತು. ನನ್ನ ದೂರು ಇದ್ದರೆ ಇದೇ, ಮತ್ತು ಇನ್ನೊಂದು: ಯಂತ್ರ ಕೂರಿಸುವ ದಿನ ಐದು ಜನ ಸುತ್ತ ನಿಂತಿದ್ದರು, ಪಕ್ಕೆಲುಬಿನಲ್ಲಿ ಜುಮುಗುಡುವಾಗ ಅದನ್ನು ಸರಿಪಡಿಸಬೇಕಾದ ಕಂಪನಿಯ ಪ್ರತಿನಿಧಿ ಸಿಗಲು ಮೂರು ವಾರ ಬೇಕಾಯಿತು.

ಇದು ಕೆಲಸ ಮಾಡುತ್ತದೆಯೇ ಎಂಬ ಮೂಲ ಪ್ರಶ್ನೆಯನ್ನೂ ಮುಚ್ಚಿಡಲಾರೆ. 2022ರಲ್ಲಿ ನಾರ್ವೆಯ ವೈದ್ಯರು ಬೆನ್ನಿನ ಶಸ್ತ್ರಚಿಕಿತ್ಸೆಯ ನಂತರವೂ ಕಾಲುನೋವು ಉಳಿದ 50 ಜನರ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ರೋಗಿಗೆ ತಿಳಿಯದಂತೆ ಕೆಲವು ತಿಂಗಳು ಯಂತ್ರವನ್ನು ಚಾಲೂ ಇಟ್ಟು, ಕೆಲವು ತಿಂಗಳು ನಿಲ್ಲಿಸಿ ನೋಡಿದಾಗ, ಎರಡೂ ಅವಧಿಗಳಲ್ಲಿ ಅವರ ದಿನನಿತ್ಯದ ಚಟುವಟಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕೊಕ್ರೇನ್ ಸಂಸ್ಥೆಯ ಪರಿಶೀಲನೆ ಕೂಡ ಸೊಂಟನೋವಿಗೆ ಇದರ ಪ್ರಯೋಜನವನ್ನು ಗಟ್ಟಿಯಾಗಿ ಪ್ರಶ್ನಿಸಿತು. ಈ ಅಧ್ಯಯನಗಳ ವಿಧಾನವನ್ನು ಒಪ್ಪದ ತಜ್ಞರೂ ಇದ್ದಾರೆ. ನಾರ್ವೆಯವರು ಪರೀಕ್ಷಿಸಿದ್ದು ಜುಮುಗುಡದ, ಬೇರೆ ಬಗೆಯ ಮಿಡಿತವನ್ನು. ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಳೆದ ವರ್ಷ ಊರಿಗೆ ಹೋದಾಗ ಚಾರ್ಜರ್ ಮರೆತು ನಾಲ್ಕು ದಿನ ಯಂತ್ರ ಸತ್ತಿತ್ತು, ಎರಡನೆಯ ದಿನವೇ ಕಾಲಿನ ಕಂಬಿ ಕಾಯತೊಡಗಿತ್ತು. ಅದನ್ನೇ ಸಾಕ್ಷಿಯಾಗಿ ಹಿಡಿದುಕೊಳ್ಳೋಣ ಎನಿಸಿತು. ಆದರೆ ಯಂತ್ರ ಸತ್ತಿದೆ ಎಂಬುದು ನನಗೆ ಗೊತ್ತಿತ್ತಲ್ಲ. ಲೆಕ್ಕ ತಾಳೆ ನೋಡುವುದೇ ಕಸುಬಾದವಳು ನನಗೆ ಅನುಕೂಲವಾದ ಪುಟವನ್ನು ಮಾತ್ರ ನೋಡಿ ಸಹಿ ಹಾಕಬಾರದು. ನಾನು ಖಚಿತವಾಗಿ ಹೇಳಬಲ್ಲದ್ದು ಇಷ್ಟು: ಮಾತ್ರೆ ಮೂರನೇ ಒಂದು ಭಾಗಕ್ಕೆ ಇಳಿದಿದೆ, ತಲೆ ತಿಳಿಯಾಗಿದೆ, ರಾತ್ರಿ ಐದು ಗಂಟೆ ಒಂದೇ ಸಮನೆ ನಿದ್ರಿಸುತ್ತೇನೆ. ಮತ್ತು ಉಳಿದ ಸೊಂಟನೋವಿಗೆ ವಾರಕ್ಕೆರಡು ದಿನ ಫಿಸಿಯೋಥೆರಪಿಗೆ ಹೋಗುತ್ತೇನೆ. ಯಂತ್ರ ಬಂದ ಮೇಲೆ ಅದನ್ನು ಬಿಟ್ಟದ್ದು ನನ್ನದೇ ತಪ್ಪು, ಮತ್ತೆ ಹಿಡಿಯಲು ಒಂದು ವರ್ಷ ಬೇಕಾಯಿತು.

ಹೀಗಾಗಿ ಆ ಹುಡುಗಿಗೆ ಹಾಕಿಸಿಕೋ, ಬೇಡ ಎಂಬ ಎರಡರಲ್ಲಿ ಒಂದನ್ನು ಹೇಳುವ ಬದಲು, ಪ್ರಯೋಗದ ವಾರವನ್ನು ನನ್ನ ಹಾಗೆ ದಿವಾನದ ಮೇಲೆ ಕಳೆಯಬೇಡ ಎಂದು ಹೇಳುತ್ತೇನೆ. ವೈದ್ಯರು ಬೇಡವೆಂದದ್ದನ್ನು ಬಿಟ್ಟು, ಅನುಮತಿಸಿದ ಮಟ್ಟಿಗೆ ಬದುಕಿದಂತೆ ಬದುಕು. ಅಂಕೆಯ ಹಾಳೆಯ ಹಿಂಬದಿಯಲ್ಲಿ ನೋವಿನಿಂದ ನೀನು ಬಿಟ್ಟುಬಿಟ್ಟ ಕೆಲಸಗಳನ್ನು ಮೊದಲೇ ಬರೆದಿಟ್ಟುಕೊಂಡು, ಅವುಗಳಲ್ಲಿ ಯಾವುದು ಮರಳಿ ಬಂತು ಎಂದು ಪ್ರತಿ ರಾತ್ರಿ ಗುರುತು ಹಾಕು. ಕಾಲಿಗೊಂದು, ಸೊಂಟಕ್ಕೊಂದು ಬೇರೆಬೇರೆ ಅಂಕೆ ಕೊಡು. ಗಂಡನನ್ನೂ ಅತ್ತೆಯನ್ನೂ ಒಂದು ಬಾರಿಯಾದರೂ ಡಾಕ್ಟರ ಎದುರು ಕೂರಿಸು. ಇದನ್ನೆಲ್ಲ ನಿನ್ನೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ. ಇವತ್ತು ಬೆಳಿಗ್ಗೆ ಪಟ್ಟಿಯ ಫೋಟೋ ಕಳಿಸಿದ್ದಾಳೆ. ಮೊದಲನೆಯ ಸಾಲು: ಒಲೆಯ ಮುಂದೆ ನಿಂತು ನಾಲ್ಕು ಜನಕ್ಕೆ ಆಗುವಷ್ಟು ದೋಸೆ ಹುಯ್ಯುವುದು. ಎರಡನೆಯ ಸಾಲನ್ನು ಬರೆದು ಹೊಡೆದುಹಾಕಿದ್ದಾಳೆ, ಓದಲಾಗುವುದಿಲ್ಲ. ಸಂಜೆ ಮನೆಗೆ ಹೋಗಿ ಕೇಳಬೇಕು.