ಹನ್ನೆರಡು ಅಂಗ, ಆರು ದೋಷ, ಒಂದು ಙ

ಸಂಶೋಧನಾ ಪ್ರಬಂಧವನ್ನು ಯಾರೂ ಓದುವುದಿಲ್ಲ. ನಮ್ಮ ವೃತ್ತಿಯವರಿಗೆಲ್ಲ ಗೊತ್ತಿರುವ, ಆದರೆ ಯಾರೂ ಬಾಯಿಬಿಟ್ಟು ಹೇಳದ ಸಂಗತಿ ಇದು. ಅದಕ್ಕೂ ಮೊದಲು ಒಂದು ಹಾಳೆಯಲ್ಲಿ ಗೀಚಿಕೊಳ್ಳುವ ರೂಪುರೇಷೆ ಇದೆಯಲ್ಲ, ಅದನ್ನು ಮಾತ್ರ ಲೋಕವೇ ಓದುತ್ತದೆ. ಒಂದೇ ಪುಟ, ಪುಟ್ಟ ಪುಟ್ಟ ಸಾಲು, ಪಕ್ಕದಲ್ಲಿ ಧಾರಾಳವಾಗಿ ಖಾಲಿ ಜಾಗ. ಕೈಯಲ್ಲಿ ಪೆನ್ನಿದ್ದವರಿಗೆ ಇನ್ನೇನು ಬೇಕು? ಹಾಲಿನ ಲೆಕ್ಕ ಕೇಳಲು ಬಂದವರೂ ಒಂದು ಅಂಶ ಸೇರಿಸಿ ಹೋಗುತ್ತಾರೆ.

ಡಿಗ್ರಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ನನಗೆ ಪದೋನ್ನತಿಯ ಫೈಲಿಗೆ ಐಎಸ್‌ಬಿಎನ್ ಇರುವ ಒಂದು ಲೇಖನ ಬೇಕಾಗಿತ್ತು. ಅದೇ ಹೊತ್ತಿಗೆ ಪಕ್ಕದ ಜಿಲ್ಲೆಯ ಕಾಲೇಜೊಂದು ಕೆರೆಗಳ ಬಗ್ಗೆ ರಾಷ್ಟ್ರೀಯ ವಿಚಾರ ಸಂಕಿರಣ ಮಾಡುವುದಾಗಿ ಪ್ರಕಟಣೆ ಕಳಿಸಿತು. ರಾಷ್ಟ್ರೀಯ ಅಂದರೆ ಆಂಧ್ರದಿಂದ ಒಬ್ಬರು ಬರುತ್ತಾರೆ ಅಂತ ಅರ್ಥ. ಮೊದಲು ಒಂದು ಪುಟದ ರೂಪುರೇಷೆ, ಆಮೇಲೆ ಪೂರ್ಣ ಲೇಖನ ಎಂದು ಕೇಳಿದ್ದರು. ಕರ್ನಾಟಕದ ಕೆರೆ ಶಾಸನಗಳ ಮೇಲೆ ಬರೆಯುತ್ತೇನೆ ಎಂದು ಒಪ್ಪಿಕೊಂಡೆ. ಬಿ. ಎಲ್. ರೈಸ್ ಸಾಹೇಬರು 1886ರಿಂದ ಹೊರತಂದ ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನ ಸಂಗ್ರಹದ ಹನ್ನೆರಡು ಸಂಪುಟಗಳು ಇರುವಾಗ ಸಾಮಗ್ರಿಗೇನು ಬರ ಅನ್ನುವ ಧೈರ್ಯ.

ಕೆರೆಯ ಬಗ್ಗೆ ಕನ್ನಡದಲ್ಲಿ ಬರೆಯುವವರ ರೂಪುರೇಷೆಯ ಮೊದಲ ಸಾಲು ಯಾವುದೆಂದು ಕಣ್ಣುಮುಚ್ಚಿ ಹೇಳಬಹುದು. ವಿಜಯನಗರ ಕಾಲದ ಶಾಸನವೊಂದರಲ್ಲಿ ಲಕ್ಷ್ಮೀಧರ ಅಮಾತ್ಯನ ತಾಯಿ ಮಗುವಿಗೆ ಹಾಲೂಡಿಸುತ್ತಾ ಕಿವಿಯಲ್ಲಿ ‘ಕೆರೆಯಂ ಕಟ್ಟಿಸು, ಬಾವಿಯಂ ಸವೆಸು’ ಎಂದು ಶುರುಮಾಡಿ ಬದುಕಿಗೆಲ್ಲ ಆಗುವಷ್ಟು ಕೆಲಸ ಹೇಳಿಬಿಡುತ್ತಾಳೆ. ಹಾಲು ಕುಡಿಯುವ ಮಗುವಿಗೇ ಅಂಶವಾರು ರೂಪುರೇಷೆ! ಆ ಪದ್ಯವಿಲ್ಲದ ಕೆರೆ ಪ್ರಬಂಧವನ್ನು ನಾನಂತೂ ಕಂಡಿಲ್ಲ. ಯುಜಿಸಿಯ 2018ರ ನಿಯಮದ ಪ್ರಕಾರ ಬೇರೆಯವರ ಬರಹದೊಂದಿಗೆ ಶೇ. 10ರವರೆಗಿನ ಸಾಮ್ಯಕ್ಕೆ ದಂಡವಿಲ್ಲ. ಆಕರ ಹೇಳಿ ಉದ್ಧರಿಸಿದ್ದು ಲೆಕ್ಕಕ್ಕೇ ಬರುವುದಿಲ್ಲ. ಇಲ್ಲದಿದ್ದರೆ ಆ ಮಹಾತಾಯಿ ನಮ್ಮನ್ನೆಲ್ಲ ಸಾಲಾಗಿ ನಪಾಸು ಮಾಡಿಸುತ್ತಿದ್ದಳು.

ನನಗೆ ನಿಜವಾಗಿ ಆಸರೆಯಾದದ್ದು ಇನ್ನೊಂದು ಶಾಸನ. ಈಗಿನ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರ ಉರುಫ್ ಭವದೂರ 1369ರಲ್ಲಿ ಹಾಕಿಸಿದ್ದು. ಕೆರೆ ಕಟ್ಟಿಸಿ ಸುಮ್ಮನಾಗದೆ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳು ಯಾವುವು, ಆರು ದೋಷಗಳು ಯಾವುವು ಎಂದು ಸಂಸ್ಕೃತದಲ್ಲಿ ಪಟ್ಟಿಮಾಡಿ ಕಲ್ಲಿಗೆ ಹೊಡೆಸಿದ್ದಾನೆ. ಗಟ್ಟಿ ಮಣ್ಣಿನ ನೆಲ, ಸಿಹಿನೀರಿನ ಹೊಳೆ, ಹತ್ತಿರದಲ್ಲೇ ಕಲ್ಲುಗಣಿ, ಕೆಲಸ ಬಲ್ಲ ಆಳುಗಳು, ಜಲಶಾಸ್ತ್ರ ತಿಳಿದ ಪಂಡಿತ, ಇವೆಲ್ಲ ಅಂಗಗಳು. ಅಂಗಗಳ ಪಟ್ಟಿಯಲ್ಲಿ ಮೊದಲು ನಿಂತವನು ಮಾತ್ರ ಕೀರ್ತಿ ಬಯಸುವ ದುಡ್ಡುಳ್ಳ ರಾಜ. ಅನುದಾನ ಎಲ್ಲಿಂದ ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಬೇಕೆಂದು ಅವತ್ತಿಗೇ ಗೊತ್ತಿತ್ತು.

ದೋಷಗಳನ್ನು ಓದಿದಾಗಲಂತೂ ಇದು ಕೆರೆಯ ಮಾತಲ್ಲ, ನನ್ನ ಹಾಳೆಯ ಮಾತು ಅನ್ನಿಸಿತು. ಏರಿಯಿಂದ ನೀರು ಜಿನುಗಬಾರದು. ನೆಲ ಚೌಳಾಗಿರಬಾರದು. ಎರಡು ರಾಜ್ಯಗಳ ಗಡಿಯಲ್ಲಿರಬಾರದು. ಕೆರೆಯಂಗಳದ ನಡುವೆ ಆಮೆಬೆನ್ನಿನಂತೆ ದಿಬ್ಬ ಎದ್ದಿರಬಾರದು. ನೀರು ಇಷ್ಟೇ ಇಷ್ಟು, ಉಣ್ಣಿಸಬೇಕಾದ ಭೂಮಿ ಅಷ್ಟಗಲ ಆಗಬಾರದು. ನೀರು ಬೇಕಾದಷ್ಟಿದ್ದು ಭೂಮಿ ಅಂಗೈಯಗಲವೂ ಆಗಬಾರದು. ಆರನ್ನೂ ಒಂದು ಚೀಟಿಯಲ್ಲಿ ಬರೆದು ಮೇಜಿನ ಮುಂದಿನ ಗೋಡೆಗೆ ಅಂಟಿಸಿಕೊಂಡೆ. ಆಮೇಲೆ ಒಬ್ಬೊಬ್ಬರಾಗಿ ಬಂದು ಒಂದೊಂದೇ ದೋಷವನ್ನು ನನ್ನ ರೂಪುರೇಷೆಗೆ ಶಾಸ್ತ್ರೋಕ್ತವಾಗಿ ಸೇರಿಸತೊಡಗಿದರು.

ಮೊದಲು ನಮ್ಮವರು. ಬ್ಯಾಂಕಿನಲ್ಲಿದ್ದಾರೆ, ಬಿಡಿ ಹಾಳೆ ಕಂಡರೆ ಆಗುವುದಿಲ್ಲ. ರಾತ್ರಿ ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ನನ್ನ ರೂಪುರೇಷೆ ಎಕ್ಸೆಲ್ ಶೀಟಾಗಿ ಕೂತಿತ್ತು. ಅಂಶ, ಜವಾಬ್ದಾರಿ, ಗಡುವು, ಸ್ಥಿತಿ ಎಂದು ನಾಲ್ಕು ಕಾಲಮ್ಮು. ಮುಗಿದದ್ದಕ್ಕೆ ಹಸಿರು, ಮುಗಿಯದ್ದಕ್ಕೆ ಕೆಂಪು. ಹೊಯ್ಸಳರು ಕೆಂಪು. ಕದಂಬರು ಕೆಂಪು. “ರೀ, ಇದು ಸಾಲದ ಫೈಲಲ್ಲ” ಅಂದೆ. “ಸಾಲಕ್ಕಿಂತ ಹಿಂದೆ ಬಿದ್ದಿದೆಯಲ್ಲೇ” ಅಂದರು.

ಬೆಂಗಳೂರಿನಿಂದ ಬಂದಿದ್ದ ಭಾವನ ಮಗ ಬೆಳ್ಳಂದೂರಿನ ಬಳಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು. ಕೆರೆ ಅಂದರೆ ನೊರೆ, ನೊರೆಗೆ ಹತ್ತಿದ ಬೆಂಕಿ, ಇಷ್ಟೇ ಅವನ ಕಲ್ಪನೆ. “ಚಿಕ್ಕಮ್ಮ, ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಇರೋದೇ ಧರ್ಮಾಂಬುಧಿ ಕೆರೆ ಮೇಲೆ, ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆ ಮೇಲೆ. ಅದಿಲ್ದೆ ಹೇಗೆ?” ಎನ್ನುತ್ತಾ ಪೆನ್ಸಿಲ್ಲಿನಲ್ಲಿ ‘ನಗರ’ ಎಂದು ಹಾಳೆಯ ನಟ್ಟನಡುವೆ ಬರೆದು ಅದರ ಸುತ್ತ ವೃತ್ತ ಎಳೆದ. ಅಲ್ಲಿಗೆ ಆಮೆಬೆನ್ನಿನ ದಿಬ್ಬ ಎದ್ದಂತಾಯಿತು.

ದಾವಣಗೆರೆಯ ಅಣ್ಣ ಫೋನಿನಲ್ಲೇ ಸೂಳೆಕೆರೆಗೆ ಜಾಗ ಕಾಯ್ದಿರಿಸಿದ. ಚಿಕ್ಕಮಗಳೂರಿನ ಓರಗಿತ್ತಿ ಮದಗದ ಕೆರೆ ಬಿಟ್ಟರೆ ಮಾತಾಡಿಸುವುದಿಲ್ಲ ಎಂದಳು. ಒಂದು ಪುಟದ ಹಾಳೆ ಹಿಂದೆ ತಿರುಗಿ, ಪಕ್ಕಕ್ಕೆ ಇನ್ನೊಂದು ಹಾಳೆ ಅಂಟಿಸಿಕೊಂಡು, ಕೊನೆಗೆ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಏರಿತು. ನೀರು ಬೇಕಾದಷ್ಟು, ಭೂಮಿ ಒಂದು ಪುಟ.

ಗಡಿ ತಕರಾರು ಕಾಲೇಜಿನಲ್ಲಿ ಕಾದಿತ್ತು. ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತಿದ್ದ ಇತಿಹಾಸದ ಮುಖ್ಯಸ್ಥರು ಹಾಳೆಯನ್ನು ನೋಡಿ ಕನ್ನಡಕ ಏರಿಸಿಕೊಂಡರು. “ಶಾಸನ ನಮ್ಮ ಡಿಪಾರ್ಟ್‌ಮೆಂಟಿನದಲ್ವೇ ಮೇಡಂ? ಪದ್ಯ ಬಂದ ಕಡೆ ನೀವು ಇಟ್ಕೊಳ್ಳಿ, ಇಸವಿ ಬಂದ ಕಡೆ ನಮಗೆ ಬಿಡಿ” ಅಂದರು. ಹಾಗೆ ಹಂಚಿದರೆ ನನ್ನ ಪಾಲಿಗೆ ಲಕ್ಷ್ಮೀಧರನ ತಾಯಿಯೊಬ್ಬಳೇ ಉಳಿಯುತ್ತಿದ್ದಳು. ಭೂಗೋಳದವರು ಅಷ್ಟರಲ್ಲಿ ಚೌಳು ನೆಲದ ಮೇಲೆ ಹಕ್ಕು ಸಾಧಿಸಿಯಾಗಿತ್ತು.

ಇಷ್ಟೆಲ್ಲ ತಿದ್ದುಪಡಿಗಳಲ್ಲಿ ಒಂದೇ ಒಂದು ಮಾತ್ರ ನನ್ನನ್ನು ನಿಲ್ಲಿಸಿತು. ಅದು ಅತ್ತೆಯವರದು. ಅವರೆಕಾಯಿ ಸುಲಿಯುತ್ತಾ ಕೂತಿದ್ದವರು, ಹಾಳೆಯನ್ನು ಓದಿಸಿಕೊಂಡು ಕೇಳಿದರು: “ಭಾಗೀರಥಿ ಎಲ್ಲಮ್ಮಾ?” ಕೆರೆಗೆ ಹಾರವಾದ ಸೊಸೆಯ ಹಾಡು ಅವರಿಗೆ ಪೂರ್ತಿ ಬಾಯಿಪಾಠ. ಇದು ಜಾನಪದವಲ್ಲ ಅತ್ತೆ, ಶಾಸನ, ಕಲ್ಲಿನಲ್ಲಿ ಬರೆದಿರುವುದು ಮಾತ್ರ ನಮಗೆ ಲೆಕ್ಕ ಎಂದು ವಿವರಿಸಿದೆ. ಎರಡು ಕಾಯಿ ಸುಲಿದು ಅಂದರು: “ಹಂಗಾದ್ರೆ ಅವಳ ಹೆಸರು ಕಲ್ಲಲ್ಲಿ ಯಾಕೆ ಬರೆಸಲಿಲ್ಲ ಅಂತನಾದ್ರೂ ಬರಿ.”

ಪೋರುಮಾಮಿಳ್ಳದ ಶಾಸನವನ್ನು ಮತ್ತೆ ತೆಗೆದು ನೋಡಿದೆ. ದಿನಕ್ಕೆ ಸಾವಿರ ಆಳು ದುಡಿದರು, ಕಲ್ಲು ಸಾಗಿಸಲು ನೂರು ಗಾಡಿ, ಕೆಲಸ ಹಿಡಿದದ್ದು ಎರಡು ವರ್ಷ. ಲೆಕ್ಕ ಅಷ್ಟು ಚೊಕ್ಕ. ಆ ಸಾವಿರದಲ್ಲಿ ಒಬ್ಬನ ಹೆಸರೂ ಇಲ್ಲ. ನಮ್ಮ ಕಡೆಯ ಕೆರೆ ಶಾಸನಗಳಲ್ಲೂ ಬಹುಪಾಲು ಕಟ್ಟಿಸಿದವನ ಹೆಸರು, ದತ್ತಿ ಬಿಟ್ಟ ಗದ್ದೆಯ ಎಲ್ಲೆ, ದತ್ತಿಗೆ ತಪ್ಪಿದವನಿಗೆ ಬರುವ ಪಾಪ. ಬುಟ್ಟಿ ಹೊತ್ತವರು ಕಲ್ಲಿಗೆ ಏರಿಲ್ಲ. ವರ್ಷಗಟ್ಟಲೆ ಶಾಸನ ಪಾಠ ಮಾಡಿದ ಮೇಲೆ ಸಂಶೋಧನೆಯ ಪ್ರಶ್ನೆ ಅವರೆಕಾಯಿ ಬುಟ್ಟಿಯ ಪಕ್ಕದಿಂದ ಬಂದಿತ್ತು. ಸೇರಿಸಲೇಬೇಕು. ಆದರೆ ಎಲ್ಲಿ? ಮೂರನೆಯ ಭಾಗದಲ್ಲಿ ಉಪಶೀರ್ಷಿಕೆಗಳು ಆಗಲೇ ಸಾಲಾಗಿ ನಿಂತಿದ್ದವು: ಕ. ಏರಿ, ಖ. ತೂಬು, ಗ. ಕೋಡಿ, ಘ. ಬಿತ್ತುವಟ್ಟ, ಅಂದರೆ ಕೆರೆಗಾಗಿ ಬಿಟ್ಟ ದತ್ತಿ ಭೂಮಿ. ಮುಂದಿನದು ಙ. ವರ್ಣಮಾಲೆಯ ಚಾರ್ಟಿನಲ್ಲೂ ಚಿತ್ರ ಸಿಗದೆ ಒದ್ದಾಡುವ ಆ ಅಕ್ಷರಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು: ‘ಙ. ಶಾಸನದಲ್ಲಿಲ್ಲದ ಭಾಗೀರಥಿ’.

ಡಿಟಿಪಿ ಅಂಗಡಿಯ ಹುಡುಗ ಅಲ್ಲೇ ನಿಂತುಬಿಟ್ಟ. “ಮೇಡಂ, ಇದು ಕೀಬೋರ್ಡಲ್ಲಿ ಎಲ್ಲಿದೆ ಅಂತ ನಂಗೆ ಗೊತ್ತಿಲ್ಲ. ಇದುವರೆಗೂ ಯಾರೂ ಹೊಡೆಸಿಲ್ಲ. ‘ಚ’ ಮಾಡ್ಬಿಡ್ಲಾ?” ಬೇಡ ಅಂದೆ. ಮದುವೆ ಕರೆಯೋಲೆಯವರು ಹಿಂದೆ ಕಾಯುತ್ತಿದ್ದರು. ಹುಡುಕಿ ಹುಡುಕಿ ಎಲ್ಲೋ ಸಿಕ್ಕಿತು. ಅವನು ಒತ್ತಿದ, ಅದು ಮೂಡಿತು, ಅಂಗಡಿಯಲ್ಲಿದ್ದವರೆಲ್ಲ ಬಗ್ಗಿ ನೋಡಿದರು.

ಟೈಪಾದದ್ದು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ. ಮೇಲ್ ತಲುಪಿದ ಸಂಜೆಯೇ ಸಂಚಾಲಕರ ಫೋನು: “ಮೇಡಂ, ನಮ್ಮದು ಕನ್ನಡ ಸಂಕಿರಣ. ನೀವು ಯಾವುದೋ ಭಾಷೇಲಿ ಕಳಿಸಿದ್ದೀರಿ.” ಅವರ ಕಂಪ್ಯೂಟರಿನಲ್ಲಿ ನನ್ನ ಕೆರೆಗಳೆಲ್ಲ ತಲೆಯ ಮೇಲೆ ಕೊಂಬು ಮೂಡಿದ ರೋಮನ್ ಅಕ್ಷರಗಳಾಗಿದ್ದವು. ಕನ್ನಡದಲ್ಲಿ ಟೈಪು ಮಾಡಿದವರಿಗೆ ಈ ರೋಗ ಹೊಸದಲ್ಲ. ಯೂನಿಕೋಡಿಗೆ ಪರಿವರ್ತಿಸಿ ಮತ್ತೆ ಕಳಿಸಿದ್ದಾಯಿತು. ಒತ್ತಕ್ಷರಗಳು ಬದುಕಿಕೊಂಡವು, ರೇಫಗಳು ಕುಂಟುತ್ತಾ ಬಂದು ಸೇರಿದವು. ಙ ಮಾತ್ರ ದಾರಿಯಲ್ಲೇ ತೀರಿಕೊಂಡು, ಅದರ ಜಾಗದಲ್ಲಿ ಒಂದು ಚೌಕ ಡಬ್ಬಿ ಕೂತಿತು.

ಸಂಕಿರಣದ ದಿನ ಉದ್ಘಾಟನೆ ಒಂಬತ್ತೂವರೆಗೆ ಎಂದಿದ್ದರು. ಮುಖ್ಯ ಅತಿಥಿಗಳು ಬಂದದ್ದು ಹನ್ನೊಂದೂಕಾಲಿಗೆ. ದೀಪ, ನಾಡಗೀತೆ, ಹಾರ, ಶಾಲು, ಫಲಕ, ಪ್ರಾಸ್ತಾವಿಕ, ಆಶಯ, ಮತ್ತೆ ಇನ್ನೊಬ್ಬರ ಆಶಯ. ನಾನು ಮೈಕಿನ ಮುಂದೆ ನಿಲ್ಲುವಾಗ ಹಿಂದಿನ ಬಾಗಿಲಿನಿಂದ ಸಾರಿನ ಒಗ್ಗರಣೆಯ ವಾಸನೆ ಒಳಗೆ ಬಂದಾಗಿತ್ತು. ಗೋಷ್ಠಿಯ ಅಧ್ಯಕ್ಷರು ಮೆಲ್ಲಗೆ ಬಗ್ಗಿ, “ಪೂರ್ತಿ ಓದೋದು ಬೇಡ ಮೇಡಂ, ರೂಪುರೇಷೆ ಎಲ್ಲರ ಫೈಲಲ್ಲೂ ಇದೆ. ಅದನ್ನೇ ಓದಿ ಮುಗಿಸ್ಬಿಡಿ” ಅಂದರು. ಏರಿ, ತೂಬು, ಕೋಡಿಗಳ ಮೇಲೆ ಕಷ್ಟಪಟ್ಟು ಬರೆದ ಪುಟಗಳನ್ನು ಮಡಿಚಿ ಬ್ಯಾಗಿಗೆ ಹಾಕಿ ಒಂದು ಪುಟ ಓದಿದೆ.

ಪ್ರಶ್ನೆಗಳಿವೆಯೇ ಎಂದಾಗ ಸಾಮಾನ್ಯವಾಗಿ ಯಾರೂ ಕೈಯೆತ್ತುವುದಿಲ್ಲ, ಊಟದ ಹೊತ್ತಿನಲ್ಲಂತೂ ಇಲ್ಲವೇ ಇಲ್ಲ. ಆದರೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ, ಎಂ.ಎ. ವಿದ್ಯಾರ್ಥಿನಿ ಇರಬೇಕು, ಎದ್ದು ನಿಂತಳು. “ಮೇಡಂ, ಘ ಆದ ಮೇಲೆ ಒಂದು ಡಬ್ಬಿ ಇದೆಯಲ್ಲ, ಅದರ ಬಗ್ಗೆ ಸ್ವಲ್ಪ ಹೇಳ್ತೀರಾ?” ಹೇಳಿದೆ. ಸಾವಿರ ಆಳಿನ ಲೆಕ್ಕ ಹೇಳಿದೆ, ಅತ್ತೆಯವರ ಪ್ರಶ್ನೆಯನ್ನೂ ಹೇಳಿದೆ. ಆಂಧ್ರದಿಂದ ಬಂದವರು ಎದ್ದು ತಮ್ಮ ಕಡೆಯ ಕೆರೆಯೇರಿಗಳ ಮೇಲೆ ಪೂಜೆಗೊಳ್ಳುವ ಹೆಣ್ಣುದೇವರುಗಳ ಕಥೆ ಹೇಳಿದರು. ಇನ್ನೊಬ್ಬರು ಕಲ್ಲಿನಲ್ಲಿ ಇಲ್ಲದ್ದನ್ನು ಇತಿಹಾಸ ಎನ್ನಲಾಗದು ಎಂದು ರೇಗಿದರು. ಡಬ್ಬಿಯ ಪರ ಮತ್ತು ಡಬ್ಬಿಯ ವಿರುದ್ಧ ಎಂದು ಸಭೆ ಎರಡಾಯಿತು. ಅನ್ನ ಆರುತ್ತಿದೆ ಎಂದು ಅಡುಗೆಯವರು ಬಂದು ಬಾಗಿಲಲ್ಲಿ ನಿಂತ ಮೇಲೇ ಗೋಷ್ಠಿ ಮುಗಿದದ್ದು. ಇಡೀ ಲೇಖನದಲ್ಲಿ ಆ ಅಂಶಕ್ಕೆ ನಾನು ಕೊಟ್ಟಿದ್ದ ಜಾಗ ಅರ್ಧ ಪುಟ.

ಊರಿಗೆ ಬಂದು ಆ ಅರ್ಧ ಪುಟವನ್ನು ಹಿಗ್ಗಿಸಿ, ದಿಬ್ಬ ಸವರಿ, ಸಂಪುಟಕ್ಕೆಂದು ಲೇಖನವನ್ನು ಹೊಸದಾಗಿ ಬರೆದು ಕಳಿಸಿದೆ. ತಲುಪಿತು, ಬಹಳ ಚೆನ್ನಾಗಿದೆ ಎಂದು ಸಂಚಾಲಕರ ಸಂದೇಶವೂ ಬಂತು. ಬೇಸಿಗೆ ಕಳೆದು ಸಂಪುಟ ಕೈಸೇರಿತು. ದಪ್ಪ ರಟ್ಟು, ಬೆನ್ನಿಗೆ ಐಎಸ್‌ಬಿಎನ್, ಒಳಗೆ ನನ್ನ ಹೆಸರು, ಕೆಳಗೆ ರೂಪುರೇಷೆ. ಡಬ್ಬಿ ಸಮೇತ. ಲೇಖನ ಇಲ್ಲ.

ಪದೋನ್ನತಿಯ ಅರ್ಜಿ ತುಂಬಿಸಿಕೊಳ್ಳುವ ಗುಮಾಸ್ತರು ಪುಸ್ತಕ ಮುಂದಿಟ್ಟುಕೊಂಡು ಪೆನ್ನು ತೆರೆದರು.

“ಪುಟ ಸಂಖ್ಯೆ ಹೇಳಿ ಮೇಡಂ. ಎಷ್ಟರಿಂದ?”

“112.”

“ಎಷ್ಟರವರೆಗೆ?”

“112.”

ಅವರು ತಲೆಯೆತ್ತಿ ನನ್ನನ್ನೊಮ್ಮೆ ನೋಡಿ, ಎರಡೂ ಖಾನೆಗಳಲ್ಲಿ ನೀಟಾಗಿ ಬರೆದುಕೊಂಡು ಸೀಲು ಒತ್ತಿದರು.